ಮುಧೋಳವೋ, ರಾಂಪುರವೋ: ಬೇಟೆ ನಿಂತ ಕಾಲದ ಬೇಟೆನಾಯಿಗಳು

ಹತ್ತನೆಯ ಶತಮಾನದ ಕನ್ನಡನಾಡಿನಲ್ಲಿ ಮಣಲೇರನೆಂಬ ವೀರನಿದ್ದ. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಆತ ತೋರಿದ ಶೌರ್ಯಕ್ಕೆ ಮೆಚ್ಚಿದ ಒಡೆಯ, ಬೇಕಾದುದನ್ನು ಬೇಡಿಕೊ ಎಂದ. ಮಣಲೇರ ಹೊನ್ನು ಕೇಳಬಹುದಿತ್ತು, ಹಳ್ಳಿ ಕೇಳಬಹುದಿತ್ತು. ಅವನು ಬೇಡಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗಾಗಿ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವುಳ್ಳ ಆ ಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಕಾಳಿ ಯಾವ ತಳಿಯ ನಾಯಿ ಎಂಬುದು ಶಾಸನದ ವಿಷಯವಲ್ಲ. ಆದರೆ ಒಳ್ಳೆಯ ಬೇಟೆನಾಯಿಯನ್ನು ಆರಿಸಿಕೊಳ್ಳುವುದು ನಮ್ಮಲ್ಲಿ ಸಾವಿರ ವರ್ಷಗಳ ಹಿಂದೆಯೇ ಗಂಭೀರವಾದ ಸಂಗತಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮಣಲೇರನಿಗೆ ತನಗೆ ಏನು ಬೇಕೆಂಬುದು ಸ್ಪಷ್ಟವಿತ್ತು. ನಾಯಿ ಬೇಟೆಗೆ ಬೇಕಿತ್ತು, ಬೇಟೆಯಾಡಲು ಕಾಡೂ ಇತ್ತು.

ಇಂದು ದೇಸಿ ಬೇಟೆನಾಯಿಯೊಂದನ್ನು ಸಾಕಬೇಕೆಂದು ಹೊರಡುವವರ ಸ್ಥಿತಿ ಬೇರೆ. ವಿದೇಶಿ ತಳಿಗಳ ಮೋಹ ತುಸು ಇಳಿದು, ನಮ್ಮದೇ ನಾಯಿಗಳ ಮಾತು ಮತ್ತೆ ಕೇಳಿಬರುತ್ತಿದೆ. ಹಾಗೆ ಹುಡುಕುವವರ ಮುಂದೆ ಬರುವ ಹೆಸರುಗಳಲ್ಲಿ ಎರಡು ಮುಖ್ಯವಾದವು: ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಮತ್ತು ಉತ್ತರ ಪ್ರದೇಶದ ರಾಂಪುರ ನಾಯಿ. ಎರಡೂ ನೀಳ ಕಾಲಿನ, ಸಪೂರ ಸೊಂಟದ ಓಟಗಾರ ನಾಯಿಗಳು. ಎರಡೂ ಸಂಸ್ಥಾನಗಳ ಹೆಸರು ಹೊತ್ತವು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ಹೊರತಂದಾಗ ಹಿಮಾಲಯದ ಕುರಿನಾಯಿ ಮತ್ತು ತಮಿಳುನಾಡಿನ ರಾಜಪಾಳಯಂ ಜೊತೆಗೆ ಇವೆರಡೂ ಇದ್ದವು. ಹಾಗಿದ್ದರೆ ಎರಡರಲ್ಲಿ ಯಾವುದು ಲೇಸು? ಉತ್ತರ ಹುಡುಕುವ ಮೊದಲು ಈ ನಾಯಿಗಳು ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ರೂಪುಗೊಂಡವು ಎಂಬುದನ್ನು ತಿಳಿಯಬೇಕು. ಅವುಗಳ ಗುಣ, ದೋಷ, ಇಂದಿನ ಸ್ಥಿತಿ ಎಲ್ಲವೂ ಅದರಲ್ಲೇ ಅಡಗಿವೆ.

ಕಣ್ಣಿನಿಂದ ಬೇಟೆಯಾಡುವ ನಾಯಿ

ಬೇಟೆನಾಯಿಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೂಗನ್ನು ನೆಲಕ್ಕೆ ಹಚ್ಚಿ, ವಾಸನೆಯ ಜಾಡು ಹಿಡಿದು ಗಂಟೆಗಟ್ಟಲೆ ನಡೆಯುವ ನಾಯಿಗಳು ಒಂದು ಬಗೆ. ತಲೆ ಎತ್ತಿ, ದೂರದಲ್ಲಿ ಅಲುಗಿದ ಪ್ರಾಣಿಯನ್ನು ಕಣ್ಣಿನಿಂದ ಗುರುತಿಸಿ, ಒಂದೇ ಉಸಿರಿಗೆ ಓಡಿ ಹಿಡಿಯುವ ನಾಯಿಗಳು ಇನ್ನೊಂದು ಬಗೆ. ಮುಧೋಳ, ರಾಂಪುರ ಎರಡೂ ಈ ಎರಡನೆಯ ಬಗೆಯವು. ಇಂಗ್ಲೆಂಡಿನ ಗ್ರೇಹೌಂಡ್, ಅರಬರ ಸಲೂಕಿ, ಅಫ್ಘಾನಿಸ್ತಾನ ಮತ್ತು ಮಧ್ಯ ಏಷ್ಯಾದ ತಾಜಿ ಇವುಗಳ ನೆಂಟರು.

ಇಂಥ ನಾಯಿಯ ಮೈಕಟ್ಟು ನೋಡಿದರೆ ಸಾಕು, ಅದರ ಕೆಲಸ ತಿಳಿಯುತ್ತದೆ. ತಲೆ ಉದ್ದ, ಕಿರಿದು. ಕಣ್ಣುಗಳು ಪಕ್ಕಕ್ಕೆ ಸರಿದಿರುವುದರಿಂದ ನೋಟದ ಹರಹು ಮನುಷ್ಯನದಕ್ಕಿಂತ ಹೆಚ್ಚು. ಎದೆಗೂಡು ಆಳ, ಅದರೊಳಗೆ ದೊಡ್ಡ ಹೃದಯಕ್ಕೂ ಶ್ವಾಸಕೋಶಕ್ಕೂ ಜಾಗವಿದೆ. ಹೊಟ್ಟೆ ಬೆನ್ನಿಗೆ ಅಂಟಿದಂತಿರುತ್ತದೆ. ಮೈಯಲ್ಲಿ ಕೊಬ್ಬು ಅತಿ ಕಡಿಮೆ. ಬೆನ್ನು ಬಿಲ್ಲಿನಂತೆ ಬಾಗಿ ನೆಟ್ಟಗಾಗುತ್ತದೆ. ಈ ವರ್ಗದ ನಾಯಿ ಪೂರ್ಣ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲೂ ಎರಡು ಬಾರಿ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ: ಒಮ್ಮೆ ಕಾಲುಗಳು ಹೊಟ್ಟೆಯಡಿ ಕೂಡಿದಾಗ, ಇನ್ನೊಮ್ಮೆ ಹಿಂದುಮುಂದಕ್ಕೆ ಚಾಚಿದಾಗ. ಇವುಗಳಲ್ಲೆಲ್ಲ ವೇಗಿಯಾದ ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರಿಗೂ ಮೀರಿ ಓಡಬಲ್ಲದು.

ಇಂಥ ನಾಯಿಗೆ ದಟ್ಟ ಕಾಡು ಒಗ್ಗುವುದಿಲ್ಲ. ದೃಷ್ಟಿ ಹರಿಯುವಷ್ಟು ದೂರ ಬಯಲಿರಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭೆಯರ ಎರೆಭೂಮಿ ಮತ್ತು ಕುರುಚಲು ಬಯಲು ಮುಧೋಳ ನಾಯಿಗೆ ದೊರೆತ ಅಂಗಳ. ಗಂಗೆಯ ಉತ್ತರದ ಸಮತಟ್ಟಾದ ರೊಹಿಲಖಂಡ ರಾಂಪುರ ನಾಯಿಗೆ ದೊರೆತ ಅಂಗಳ. ಅಲ್ಲಿ ಗುರಿ ನರಿ; ಇಲ್ಲಿ ಮೊಲ, ಚಿಗರಿ. ನೆಲದಿಂದಲೇ ನಾಯಿ ಹುಟ್ಟುತ್ತದೆ ಎಂಬ ಮಾತು ಇವೆರಡರ ಮಟ್ಟಿಗೂ ನಿಜ. ಆದರೆ ನೆಲದಷ್ಟೇ ಮುಖ್ಯವಾದದ್ದು ಸಾಕಿದ ಕೈ.

ಹಟ್ಟಿಯಿಂದ ಅರಮನೆಗೆ

ಘಟಪ್ರಭೆಯ ದಡದ ಮುಧೋಳ ಕನ್ನಡಿಗರಿಗೆ ಕವಿ ರನ್ನನ ಊರೆಂದು ಪರಿಚಿತ. ಬ್ರಿಟಿಷರ ಕಾಲದಲ್ಲಿ ಅದು ಘೋರ್ಪಡೆ ಮನೆತನದ ಚಿಕ್ಕ ಸಂಸ್ಥಾನವಾಗಿತ್ತು. ಆ ಸೀಮೆಯ ಬೇಡರು ಬೇಟೆಯನ್ನು ಬದುಕಾಗಿ ಉಳ್ಳವರು. 1857ರಲ್ಲಿ ಬ್ರಿಟಿಷರು ಜನರ ಆಯುಧಗಳನ್ನು ಕಸಿಯಲು ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಿರುಗಿಬಿದ್ದರು. ಆ ವರ್ಷ ನವೆಂಬರಿನಲ್ಲಿ ದಂಡು ಬಂದು ಊರನ್ನು ಸುಟ್ಟಿತು, ಹಲವರು ಗಲ್ಲಿಗೇರಿದರು. ಆ ಕಥೆ ಲಾವಣಿಯಾಗಿ ಉಳಿದಿದೆ. ಆಯುಧ ಎಂದರೆ ಬೇಟೆಗಾರರ ಪಾಲಿಗೆ ಊಟದ ಮಾತು. ಆ ಬಾಳುವೆಯಲ್ಲಿ ನಾಯಿಯೂ ಒಂದು ಆಯುಧವೇ.

ನೀಳ ಕಾಲಿನ ಈ ನಾಯಿಗಳ ಪೂರ್ವಜರು ಪರ್ಷಿಯಾ, ಅರೇಬಿಯಾ, ಮಧ್ಯ ಏಷ್ಯಾಗಳಿಂದ ವರ್ತಕರ ಮತ್ತು ದಂಡಿನ ಜೊತೆ ದಖ್ಖನಿಗೆ ಬಂದಿರಬೇಕೆಂದು ತಳಿತಜ್ಞರು ಊಹಿಸುತ್ತಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯಿಂದ ಮಹಾರಾಷ್ಟ್ರದ ಕೊಲ್ಲಾಪುರ, ಸೊಲ್ಲಾಪುರ, ಲಾತೂರುಗಳವರೆಗೆ ಇವು ಹರಡಿವೆ. ಮರಾಠಿ ಸೀಮೆಯಲ್ಲಿ ಇದನ್ನು ‘ಕಾರವಾನಿ’ ಎನ್ನುತ್ತಾರೆ. ಕಾರವಾನ್ ಎಂದರೆ ವರ್ತಕರ ಸಾಲು. ಇದೇ ನಾಯಿಯಲ್ಲಿ ಕಿವಿ, ಬಾಲ, ಕಾಲುಗಳ ಮೇಲೆ ರೇಷ್ಮೆಯಂಥ ಕೂದಲಿನ ಕುಚ್ಚುಳ್ಳ ಬಗೆಯೂ ಉಂಟು. ಅದಕ್ಕೆ ಪಶ್ಮಿ ಎಂದು ಹೆಸರು. ಉಣ್ಣೆ ಎಂಬರ್ಥದ ಪಾರ್ಸಿ ಶಬ್ದದಿಂದ ಅದು ಬಂದಿದೆ.

ಈ ನಾಯಿಗೆ ಮುಧೋಳದ ಹೆಸರು ನಿಂತದ್ದು 1900ರಿಂದ 1937ರವರೆಗೆ ಆಳಿದ ರಾಜಾ ಮಾಲೋಜಿರಾವ್ ಘೋರ್ಪಡೆಯವರಿಂದ. ಬೇಡರ ಬಳಿ ಈ ನಾಯಿಗಳ ಓಟವನ್ನು ಕಂಡ ಅವರು ಉತ್ತಮವಾದವನ್ನು ಆರಿಸಿ, ಅರಮನೆಯಲ್ಲಿ ತಳಿ ಬೆಳೆಸಿದರೆಂದು ಹೇಳುತ್ತಾರೆ. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಅವರು ಒಂದು ಜೋಡಿಯನ್ನು ಕಾಣಿಕೆ ಕೊಟ್ಟರೆಂದೂ, ಅಲ್ಲಿಂದ ‘ಮುಧೋಳ ಹೌಂಡ್’ ಎಂಬ ಹೆಸರು ಬಳಕೆಗೆ ಬಂತೆಂದೂ ಪ್ರತೀತಿ. ಹೆಸರಿನ ಜಗಳ ಇನ್ನೂ ಮುಗಿದಿಲ್ಲ. ಭಾರತದ ಕೆನೆಲ್ ಕ್ಲಬ್ ಇದನ್ನು ಕಾರವಾನ್ ಹೌಂಡ್ ಎಂದು ದಾಖಲಿಸಿದರೆ, ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅರಮನೆ ಈ ನಾಯಿಗೆ ಹೆಸರು ಕೊಟ್ಟಿತು, ಹುಟ್ಟು ಕೊಡಲಿಲ್ಲ. ಅರಮನೆಗೆ ಬರುವ ಮೊದಲೇ ಅದು ಹಟ್ಟಿಯಲ್ಲಿತ್ತು, ಹೊಲದಲ್ಲಿತ್ತು. ರಾಜರು ಸಾಕತೊಡಗಿದ ಮೇಲೂ ಕುರಿಗಾಹಿಯ ಜೊತೆ, ರೈತನ ಬಣವೆಯ ಬಳಿ ಅದು ಉಳಿದೇ ಇತ್ತು. ಜೋಳದ ರೊಟ್ಟಿ ತಿಂದು, ಹಾಲು ಕುಡಿದು, ಸುಡುಬಿಸಿಲಲ್ಲಿ ಬಾಳುವುದನ್ನು ಅದು ಕಲಿತದ್ದು ಅಲ್ಲಿ.

ನವಾಬರ ಕೈಕೂಸು

ರಾಂಪುರದ ಕಥೆ ಇದಕ್ಕೆ ತಿರುವುಮುರುವು. ದೆಹಲಿಯ ಪೂರ್ವಕ್ಕಿರುವ ರೊಹಿಲಖಂಡದಲ್ಲಿ ಹದಿನೆಂಟನೆಯ ಶತಮಾನದಲ್ಲಿ ನೆಲೆನಿಂತ ರೊಹಿಲ್ಲರು ಅಫ್ಘನ್ ಮೂಲದ ಪಠಾಣರು. 1774ರ ರೊಹಿಲ್ಲಾ ಯುದ್ಧದ ಬಳಿಕ ಅವರ ನಾಯಕ ಫೈಜುಲ್ಲಾ ಖಾನನ ಪಾಲಿಗೆ ರಾಂಪುರ ಸಂಸ್ಥಾನ ಉಳಿಯಿತು. ರಾಂಪುರದ ನವಾಬರು ಸಂಗೀತಕ್ಕೂ ಗ್ರಂಥಸಂಗ್ರಹಕ್ಕೂ ಹೆಸರಾದವರು. ಅಲ್ಲಿನ ರಜಾ ಗ್ರಂಥಾಲಯದ ಹಸ್ತಪ್ರತಿಗಳು ಇಂದಿಗೂ ವಿದ್ವಾಂಸರನ್ನು ಸೆಳೆಯುತ್ತವೆ. ಹಿಂದುಸ್ತಾನಿ ಸಂಗೀತದಲ್ಲಿ ರಾಂಪುರದ ಹೆಸರಿನ ಘರಾಣೆಯೇ ಇದೆ. ಅದೇ ಆಸ್ಥಾನದ ಇನ್ನೊಂದು ಸೃಷ್ಟಿ ರಾಂಪುರ ನಾಯಿ.

1794ರಿಂದ 1840ರವರೆಗೆ ಆಳಿದ ನವಾಬ ಅಹಮದ್ ಅಲಿ ಖಾನ್ ಈ ತಳಿಯ ಕರ್ತನೆಂಬುದು ಪ್ರಚಲಿತವಾದ ಮಾತು. ಅಫ್ಘಾನಿಸ್ತಾನದಿಂದ ಬಂದ ತಾಜಿ ನಾಯಿಗಳು ಬಲಶಾಲಿಗಳು, ಛಲಗಾರರು. ಆದರೆ ಹೇಳಿದ ಮಾತು ಕೇಳುವವಲ್ಲ. ಇಂಗ್ಲಿಷ್ ಗ್ರೇಹೌಂಡ್ ವೇಗಿ, ವಿಧೇಯ. ಆದರೆ ಇಲ್ಲಿನ ಹವೆಗೂ ಉರುಬು ನೆಲಕ್ಕೂ ಬೇಗ ಸೋಲುವಂಥದ್ದು. ಒಂದರ ಕಸುವನ್ನೂ ಇನ್ನೊಂದರ ಓಟವನ್ನೂ ಬೆರೆಸಿ ನವಾಬ ಹೊಸ ನಾಯಿಯನ್ನು ಪಡೆದನಂತೆ. ಹಾಗೆ ಹುಟ್ಟಿದ ನಾಯಿ ಗ್ರೇಹೌಂಡಿಗಿಂತ ದಪ್ಪ ಮೂಳೆಯದು, ಅಗಲ ತಲೆಯದು. ಮೈಮೇಲೆ ಗಿಡ್ಡ ಕೂದಲು. ಇಲಿಯ ಮೈಯಂಥ ಬೂದು ಬಣ್ಣಕ್ಕೆ ಹೆಚ್ಚು ಮರ್ಯಾದೆ. ನರಿಬೇಟೆಯಲ್ಲಿ ಇದನ್ನು ಮೀರಿಸುವ ನಾಯಿ ಇಲ್ಲವೆಂದು ಉತ್ತರದ ರಾಜರೂ ಬ್ರಿಟಿಷ್ ಅಧಿಕಾರಿಗಳೂ ನಂಬಿದ್ದರು.

ಹೀಗೆ ರಾಂಪುರ ನಾಯಿ ಮೊದಲಿನಿಂದಲೂ ಅರಮನೆಯ ಕೂಸು. ಅದಕ್ಕೆ ಆಳುಗಳಿದ್ದರು, ಮಾಂಸವಿತ್ತು, ಓಡಿಸಲು ಕುದುರೆ ಸವಾರರಿದ್ದರು. ಒಂದು ಮರಿ ಇನ್ನೊಬ್ಬ ರಾಜನ ಮನೆಗೆ ಹೋದರೆ ಅದು ಸ್ನೇಹದ ಗುರುತು. ರೈತನ ಮನೆಗೆ ಈ ನಾಯಿ ಅಷ್ಟಾಗಿ ಇಳಿಯಲಿಲ್ಲ. ಇಳಿಯಬೇಕಾದ ಅಗತ್ಯ ಅಂದು ಯಾರಿಗೂ ಕಾಣಲಿಲ್ಲ.

ಸಂಸ್ಥಾನ ಹೋಯಿತು, ನಾಯಿ?

ಸ್ವಾತಂತ್ರ್ಯ ಬಂದ ಮೇಲೆ ಎರಡೂ ಸಂಸ್ಥಾನಗಳು ಇಲ್ಲವಾದವು. ಮುಧೋಳ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಕನ್ನಡನಾಡಿಗೆ ಬಂತು. ರಾಂಪುರ 1949ರಲ್ಲಿ ವಿಲೀನವಾಯಿತು. 1971ರಲ್ಲಿ ರಾಜಧನವೂ ರದ್ದಾಯಿತು. ನಾಯಿಗಳಿಗೆಂದೇ ಕೊಟ್ಟಿಗೆ, ಆಳು, ವೈದ್ಯರನ್ನು ಇಟ್ಟುಕೊಳ್ಳುವ ಕಾಲ ಮುಗಿಯಿತು.

ಪೆಟ್ಟು ಎರಡಕ್ಕೂ ಬಿತ್ತು. ಆದರೆ ಸಮನಾಗಿ ಬೀಳಲಿಲ್ಲ. ಮುಧೋಳದಲ್ಲಿ ಅರಮನೆ ಬಾಗಿಲು ಹಾಕಿದರೂ ಹಟ್ಟಿಯ ಬಾಗಿಲು ತೆರೆದಿತ್ತು. ಹೊಲ ಕಾಯಲು, ಕುರಿ ಕಾಯಲು, ಕದ್ದು ಮೊಲ ಹಿಡಿಯಲು ನಾಯಿ ಬೇಕಿತ್ತು. ಹಳ್ಳಿಗಳಲ್ಲಿ ಮರಿಗಳು ಹುಟ್ಟುತ್ತಲೇ ಇದ್ದವು, ಕೈಯಿಂದ ಕೈಗೆ ಹೋಗುತ್ತಲೇ ಇದ್ದವು. ರಾಂಪುರದಲ್ಲಿ ಅರಮನೆಯ ಬಾಗಿಲು ಒಂದೇ ಇದ್ದದ್ದು. ಅದು ಮುಚ್ಚಿದಾಗ ತಳಿ ಕೆಲವೇ ಮನೆತನಗಳ, ಕೆಲವೇ ಹವ್ಯಾಸಿಗಳ ಕೈಯಲ್ಲಿ ಉಳಿಯಿತು. ಹೆಣ್ಣು-ಗಂಡು ಹೊಂದಿಸಲು ನಾಯಿ ಸಿಗದಾದಾಗ ಹತ್ತಿರದ ರಕ್ತದಲ್ಲೇ ಕೂಡಿಸುವುದು ಅನಿವಾರ್ಯವಾಯಿತು. ಇಲ್ಲವೇ ಗ್ರೇಹೌಂಡಿನ ಜೊತೆ ಮತ್ತೆ ಮತ್ತೆ ಬೆರೆಸಬೇಕಾಯಿತು. ಮೊದಲ ದಾರಿಯಲ್ಲಿ ನಾಯಿಯ ಆರೋಗ್ಯ ಕೆಡುತ್ತದೆ. ಎರಡನೆಯದರಲ್ಲಿ ನಾಯಿಯ ಗುರುತೇ ಅಳಿಯುತ್ತದೆ. ಇಂದು ರಾಂಪುರದ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ನಾಯಿಗಳಲ್ಲಿ ಗ್ರೇಹೌಂಡಿನ ಪಾಲೇ ಹೆಚ್ಚು.

ಅಂದರೆ ಒಂದು ತಳಿ ಉಳಿಯುವುದು ಅದರ ಹೆಸರಿನಿಂದಲ್ಲ, ಅದಕ್ಕಿರುವ ಕೆಲಸದಿಂದ. ಯಾರಿಗೂ ಉಪಯೋಗವಿಲ್ಲದ ನಾಯಿಯನ್ನು ಅಭಿಮಾನವೊಂದೇ ಬಹುಕಾಲ ಸಾಕಲಾರದು. ‘ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ’ ಎಂಬ ಗಾದೆಯನ್ನು ನಾವು ಸೋಮಾರಿಗಳನ್ನು ಹಂಗಿಸಲು ಬಳಸುತ್ತೇವೆ. ಬೇಟೆನಾಯಿಯ ವಿಷಯದಲ್ಲಿ ಅದು ಅಕ್ಷರಶಃ ಸತ್ಯ. ಕೆಲಸ ಹೋಗಿದೆ, ಓಡುವ ತುಡಿತ ಹೋಗಿಲ್ಲ.

ಕಾನೂನಿನ ಗೆರೆ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಕೃಷ್ಣಮೃಗ, ನರಿ, ಮೊಲ ಎಲ್ಲವೂ ಕಾಯಿದೆಯ ರಕ್ಷಣೆಯಲ್ಲಿವೆ. ನಾಯಿ ಕೊಳ್ಳುವವರು ಮುಖ್ಯವಾಗಿ ತಿಳಿಯಬೇಕಾದ್ದು, ಕಾಯಿದೆಯ ಕಣ್ಣಿನಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ ಎಂಬುದನ್ನು. ನಾಯಿ ಬಿಟ್ಟು ಅಟ್ಟಿಸುವುದು, ಬೆದರಿಸಿ ಓಡಿಸುವುದು, ಬಲೆ ಒಡ್ಡುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಮೊಲ ತಪ್ಪಿಸಿಕೊಂಡು ಹೋಯಿತು ಎಂಬುದು ನಾಯಿ ಬಿಟ್ಟವನಿಗೆ ರಕ್ಷಣೆಯಾಗದು. ಶಿಕ್ಷೆಯಲ್ಲಿ ಸೆರೆವಾಸವೂ ಸೇರಿದೆ. ಕಾಡುಹಂದಿಯ ಕಾಟಕ್ಕೆ ಬೇಸತ್ತ ರೈತರು ಬೇಟೆನಾಯಿ ತಂದು ಬಿಡೋಣವೆಂದು ಯೋಚಿಸುವುದುಂಟು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಂದಿಯನ್ನು ಹಾಗೆ ಕೊಲ್ಲಿಸುವುದೂ ಅಪರಾಧ. ಅಲ್ಲದೆ ಕೋರೆಯ ಹಂದಿಯೆದುರು ತೆಳ್ಳನೆಯ ಓಟಗಾರ ನಾಯಿ ಉಳಿಯುವ ಭರವಸೆಯೂ ಇಲ್ಲ. ಕಾಳಿಯ ಕಲ್ಲು ಹೇಳುವುದೂ ಅದನ್ನೇ.

ಇನ್ನೊಂದು ಕಾಯಿದೆ ನಾಯಿಯ ಪರವಾಗಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಪ್ರಾಣಿಯನ್ನು ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದು ಕ್ರೌರ್ಯ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನೂ ಕಾಯಿದೆ ಹೆಸರಿಸಿ ಕ್ರೌರ್ಯವೆಂದಿದೆ. ಹೀಗಾಗಿ ಬೇಟೆನಾಯಿ ಸಾಕುವವರು ಎರಡು ಗೆರೆಗಳ ನಡುವೆ ನಡೆಯಬೇಕು: ನಾಯಿಯನ್ನು ಬೇಟೆಗೆ ಬಿಡುವಂತಿಲ್ಲ, ಓಡದಂತೆ ಕಟ್ಟಿಹಾಕುವಂತೆಯೂ ಇಲ್ಲ.

ಆರಿಸುವುದು ಹೇಗೆ?

ಈಗ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಬಹುದು. ಎತ್ತರದಲ್ಲಿ ಹೆಚ್ಚಿನ ಅಂತರವಿಲ್ಲ. ಬೆಳೆದ ಗಂಡು ಮುಧೋಳ ನಾಯಿ ಹೆಗಲಿನ ಬಳಿ 68ರಿಂದ 72 ಸೆಂಟಿಮೀಟರ್, ಹೆಣ್ಣು ಅದಕ್ಕಿಂತ ತುಸು ಕುಳ್ಳು. ರಾಂಪುರ ನಾಯಿಯೂ ಸರಿಸುಮಾರು ಅಷ್ಟೇ ಎತ್ತರ, ಆದರೆ ತೂಕ ಹೆಚ್ಚು, ತಲೆ ದವಡೆಗಳು ಗಟ್ಟಿ. ಮುಧೋಳದ್ದು ಬಳುಕುವ ಮೈ, ರಾಂಪುರದ್ದು ಕಟ್ಟುಮಸ್ತಾದ ಮೈ.

ಸ್ವಭಾವದಲ್ಲಿ ಎರಡೂ ಬಿಗುಮಾನದವು. ಬಂದವರ ಮೈಮೇಲೆ ಹಾರಿ ಮುದ್ದು ಮಾಡಿಸಿಕೊಳ್ಳುವ ಜಾತಿಯಲ್ಲ. ಮುಧೋಳ ನಾಯಿ ಮನೆಯವರಿಗೆ ಅಂಟಿಕೊಂಡಿರುತ್ತದೆ. ಹೊರಗಿನವರು ಮುಟ್ಟುವುದನ್ನು ಸಹಿಸದು. ರಾಂಪುರ ನಾಯಿ ಒಬ್ಬನೇ ಯಜಮಾನನಿಗೆ ಒಲಿಯುವಂಥದ್ದೆಂದು ಪ್ರಸಿದ್ಧಿ. ಕಣ್ಣಿನಿಂದ ಬೇಟೆಯಾಡುವ ನಾಯಿಗಳು ಬೇಟೆಯ ಹೊತ್ತಿನಲ್ಲಿ ಒಡೆಯನ ಅಪ್ಪಣೆಗೆ ಕಾಯುವುದಿಲ್ಲ, ತಾವೇ ನಿರ್ಧರಿಸುತ್ತವೆ. ಆದ್ದರಿಂದ ಜರ್ಮನ್ ಶೆಫರ್ಡ್ ನಾಯಿಯಂತೆ ಹೇಳಿದ್ದನ್ನೆಲ್ಲ ಒಡನೆ ಮಾಡಬೇಕೆಂದು ಬಯಸುವವರಿಗೆ ಎರಡೂ ನಿರಾಸೆ ತರುತ್ತವೆ. ಗದರಿದರೆ, ಹೊಡೆದರೆ ಇವು ಮುದುಡಿಕೊಳ್ಳುತ್ತವೆ. ತಾಳ್ಮೆಯೊಂದೇ ದಾರಿ. ಮನೆಯಲ್ಲಿ ಬೆಕ್ಕು, ಕೋಳಿ, ಮೊಲ ಸಾಕಿದ್ದರೆ ಎಚ್ಚರ ಬೇಕು. ಎದುರಿಗೆ ಓಡುವ ಪುಟ್ಟ ಪ್ರಾಣಿ ಈ ನಾಯಿಗಳಿಗೆ ಬೇಟೆಯಾಗಿಯೇ ಕಾಣುತ್ತದೆ. ಇದೇ ಕಾರಣಕ್ಕೆ ಬೀದಿಯಲ್ಲಿ ಹಗ್ಗ ಬಿಚ್ಚಿ ಬಿಡುವುದೂ ಅಪಾಯ. ಬೆಕ್ಕೊಂದನ್ನು ಕಂಡು ಓಟ ಹೊಡೆದ ನಾಯಿಗೆ ಬಸ್ಸು, ಲಾರಿ ಕಾಣಿಸುವುದಿಲ್ಲ.

ಜಾಗದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಬೇಲಿಯುಳ್ಳ ತೋಟವೋ ಹೊಲವೋ ಇದ್ದವರಿಗೆ ತೊಡಕಿಲ್ಲ. ನಗರದ ಫ್ಲ್ಯಾಟಿನಲ್ಲಿ ಇರುವವರು ದಿನವೂ ಎರಡು ಹೊತ್ತು ದೂರ ನಡೆಸಿ, ವಾರಕ್ಕೆ ಕೆಲವು ಸಲವಾದರೂ ಆವರಣವಿರುವ ಬಯಲಿನಲ್ಲಿ ಓಡಲು ಬಿಡುವುದು ಸಾಧ್ಯವೇ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಸೋಜಿಗವೆಂದರೆ ಸಾಕಷ್ಟು ಓಡಿ ಬಂದ ಇಂಥ ನಾಯಿ ಮನೆಯೊಳಗೆ ಬಹಳ ಶಾಂತ. ಹಾಸಿಗೆ ಸಿಕ್ಕರೆ ದಿನವೆಲ್ಲ ಮಲಗಿರುತ್ತದೆ. ಓಡದ ನಾಯಿಯೇ ಚಪ್ಪಲಿ ಕಡಿಯುವುದು, ಬಾಗಿಲು ಕೆರೆಯುವುದು, ಕೊನೆಗೆ ಬೀದಿಪಾಲಾಗುವುದು. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಬರಿಯ ನೆಲದ ಮೇಲೆ ಮಲಗಿ ಮೊಣಕೈ ಹುಣ್ಣಾಗುತ್ತದೆ, ಕಂಬಳಿಯಾದರೂ ಹಾಸಬೇಕು. ಮಲೆನಾಡಿನ ಚಳಿ, ಮಳೆಗೆ ಹೊರಗೆ ಬಿಡುವಂತಿಲ್ಲ.

ವೈದ್ಯರ ಬಳಿ ಹೋಗುವಾಗ ಹೇಳಲೇಬೇಕಾದ ಮಾತೊಂದಿದೆ. ಗ್ರೇಹೌಂಡ್ ವರ್ಗದ ನಾಯಿಗಳಿಗೆ ಕೆಲವು ಬಗೆಯ ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ. ಮುಖ್ಯವಾಗಿ ಬಾರ್ಬಿಟುರೇಟ್ ಗುಂಪಿನ ಔಷಧ ಕೊಟ್ಟರೆ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ, ಪ್ರಾಣಾಪಾಯವೂ ಉಂಟು. ಶಸ್ತ್ರಚಿಕಿತ್ಸೆಗೆ ಮೊದಲು ನಾಯಿಯ ವರ್ಗವನ್ನು ಪಶುವೈದ್ಯರಿಗೆ ತಿಳಿಸುವುದು ಯಜಮಾನನ ಹೊಣೆ. ಹಾಗೆಯೇ ಪಕ್ಕೆಲುಬು ತುಸು ಕಾಣುವುದು ಈ ನಾಯಿಗಳಿಗೆ ಸಹಜ. ನೋಡಿದವರು ಉಪವಾಸ ಕೆಡವಿದ್ದಾರೆಂದು ಆಡಿಕೊಳ್ಳಬಹುದು. ಅದಕ್ಕಂಜಿ ಕೊಬ್ಬಿಸಿದರೆ ಕೀಲುಗಳಿಗೆ ಕೇಡು.

ಇನ್ನು ಮರಿ ದೊರೆಯುವ ಮಾತು. ಇಲ್ಲಿ ತಕ್ಕಡಿ ಸ್ಪಷ್ಟವಾಗಿ ಮುಧೋಳದ ಕಡೆ ವಾಲುತ್ತದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ತಳಿಯ ಸಂರಕ್ಷಣೆ ನಡೆಯುತ್ತದೆ, ಆಸಕ್ತರಿಗೆ ಮರಿಗಳೂ ದೊರೆಯುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ನಾಯಿ ಸಾಕಣೆಯಿಂದಲೇ ಒಂದಿಷ್ಟು ಆದಾಯ ಕಾಣುವ ಮನೆಗಳಿವೆ. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಮುಧೋಳವನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ತಾಯಿ, ತಂದೆಯನ್ನು ಕಣ್ಣಾರೆ ನೋಡಿ ಮರಿ ತರುವ ಅನುಕೂಲ ಇಲ್ಲಿದೆ.

ರಾಂಪುರದ ಮರಿ ಬೇಕೆಂದವರ ದಾರಿ ದುರ್ಗಮ. ಜಾಹೀರಾತು ನೋಡಿ ಹಣ ಕಳಿಸಿದರೆ ಬರುವುದು ಬೆರಕೆ ಮರಿ ಆಗಿರುವ ಸಂಭವವೇ ಹೆಚ್ಚು. ತಾಯಿ ತಂದೆಗಳನ್ನು ನೋಡದೆ, ಮೂರು ತಲೆಮಾರಿನ ದಾಖಲೆ ಕೇಳದೆ, ಅವು ಒಂದೇ ಮನೆಯ ರಕ್ತವೇ ಎಂದು ವಿಚಾರಿಸದೆ ಕೊಳ್ಳಬಾರದು. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು; ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ತೋರಿಸದವರ ಬಳಿ, ಕಣ್ಣು ತೆರೆದು ನಾಲ್ಕು ದಿನವಾದ ಮರಿಯನ್ನು ಚೀಲದಲ್ಲಿ ತಂದು ಕೊಡುವವರ ಬಳಿ ವ್ಯವಹಾರ ಮಾಡದಿರುವುದೇ ಜಾಣತನ. ಇದು ಮುಧೋಳಕ್ಕೂ ಅನ್ವಯಿಸುವ ಮಾತು. ಬೇಡಿಕೆ ಹೆಚ್ಚಿದಂತೆ ಬೆಲೆ ಏರುತ್ತದೆ, ಬೆಲೆ ಏರಿದಲ್ಲಿ ಮೋಸವೂ ಬರುತ್ತದೆ.

ಹೊಸ ಕೆಲಸ

ಬೇಟೆ ನಿಂತ ಮೇಲೆ ಈ ನಾಯಿಗಳಿಗೆ ಬೇರೆ ಕೆಲಸ ಹುಡುಕುವ ಪ್ರಯತ್ನ ನಡೆದಿರುವುದು ಸಮಾಧಾನದ ಸಂಗತಿ. 2016ರಲ್ಲಿ ಮುಧೋಳದ ಮರಿಗಳು ಸೇನೆಯ ತರಬೇತಿಗೆಂದು ಮೀರತ್ತಿನ ಪಶುವೈದ್ಯಕೀಯ ದಳದ ಕೇಂದ್ರಕ್ಕೆ ಹೋದವು. 2021ರಲ್ಲಿ ಆಗ್ರಾದ ವಾಯುನೆಲೆಗೆ ಮುಧೋಳದ ಮರಿಗಳನ್ನು ಕೊಡಲಾಯಿತು. ವಿಮಾನಕ್ಕೆ ಬಡಿಯುವ ಹಕ್ಕಿಗಳನ್ನು ರನ್‌ವೇಯಿಂದ ಎಬ್ಬಿಸುವ ಕೆಲಸಕ್ಕೆ ಅವು ಬೇಕಾಗಿದ್ದವು. ಬಯಲು ಉದ್ದಕ್ಕೆ ಚಾಚಿದೆ, ದೂರದಲ್ಲಿ ಏನೋ ಅಲುಗುತ್ತದೆ, ನಾಯಿ ಓಡುತ್ತದೆ. ಹಿಡಿಯುವುದು ಮಾತ್ರ ಬೇಕಿಲ್ಲ. ಈ ತಳಿಗೆ ಇದಕ್ಕಿಂತ ಹೊಂದುವ ಉದ್ಯೋಗ ಸಿಗುವುದು ಕಷ್ಟ.

ಗಡಿ ಭದ್ರತಾ ಪಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುಧೋಳ ಮತ್ತು ರಾಂಪುರ ಎರಡನ್ನೂ ತನ್ನ ಶ್ವಾನದಳಕ್ಕೆ ಸೇರಿಸಿಕೊಂಡಿದೆ. ಗ್ವಾಲಿಯರ್ ಬಳಿಯ ಟೇಕನಪುರದಲ್ಲಿ ಅವುಗಳಿಗೆ ತರಬೇತಿ. 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕೂಟದಲ್ಲಿ ಈ ಪಡೆಯ ರಿಯಾ ಎಂಬ ಮುಧೋಳ ನಾಯಿ ಜಾಡು ಹಿಡಿಯುವ ವಿಭಾಗದಲ್ಲಿ ಮೊದಲ ಸ್ಥಾನ ಗಳಿಸಿತು. ಕೂಟದ ಶ್ರೇಷ್ಠ ನಾಯಿ ಎಂಬ ಗೌರವವೂ ಅದಕ್ಕೆ ಬಂತು. ಕಣ್ಣಿನ ನಾಯಿ ಮೂಗಿನ ಕೆಲಸದಲ್ಲಿ ಗೆದ್ದಿತು ಎಂಬುದು ಸಣ್ಣ ಮಾತಲ್ಲ. ತಳಿಯ ಬಗ್ಗೆ ಪುಸ್ತಕದಲ್ಲಿ ಬರೆದದ್ದೇ ಕೊನೆಯಲ್ಲ, ಕಲಿಸುವವರ ತಾಳ್ಮೆಗೂ ಅದರಲ್ಲಿ ಪಾಲಿದೆ ಎಂದು ಅದು ತೋರಿಸಿಕೊಟ್ಟಿತು. ಅರಮನೆಯನ್ನು ಕಳೆದುಕೊಂಡ ರಾಂಪುರ ನಾಯಿಗೆ ಹೀಗೊಂದು ಹೊಸ ಆಶ್ರಯ ಸಿಕ್ಕಿರುವುದು ತಳಿಯ ಉಳಿವಿಗೆ ಒಳ್ಳೆಯ ಲಕ್ಷಣ.

ಹಾಗಾದರೆ ಮನೆಗೆ ತರುವವರು ಯಾವುದನ್ನು ಆರಿಸಬೇಕು? ಮೊದಲ ಸಲ ಇಂಥ ನಾಯಿ ಸಾಕುವವರಿಗೆ, ಅದರಲ್ಲೂ ಕರ್ನಾಟಕದಲ್ಲಿರುವವರಿಗೆ, ಮುಧೋಳವೇ ಸೂಕ್ತ. ಅದು ಇಲ್ಲಿನ ಬಿಸಿಲಿಗೂ ಆಹಾರಕ್ಕೂ ಒಗ್ಗಿದ ನಾಯಿ. ಹುಟ್ಟಿದ ಊರು ಹತ್ತಿರವಿದೆ, ಕೇಳಲು ತಿಳಿದವರಿದ್ದಾರೆ, ಮರಿ ಸಾಚಾ ಎಂದು ಖಾತ್ರಿ ಮಾಡಿಕೊಳ್ಳುವ ದಾರಿಯಿದೆ. ರಾಂಪುರ ನಾಯಿ ಅನುಭವಿಗಳಿಗೆ. ಈಗಾಗಲೇ ಓಟದ ನಾಯಿಗಳನ್ನು ಸಾಕಿ ಬಲ್ಲವರು, ಜಾಗವುಳ್ಳವರು, ಒಂದು ಮರಿ ತಂದು ಸುಮ್ಮನಾಗದೆ ದಾಖಲೆಯಿಟ್ಟು, ದೂರದ ರಕ್ತದ ಜೋಡಿ ಹುಡುಕಿ, ತಳಿಯನ್ನು ಮುಂದಿನವರಿಗೆ ದಾಟಿಸಲು ಸಿದ್ಧರಿರುವವರು ಅದಕ್ಕೆ ಕೈ ಹಾಕಬೇಕು. ಅಂಥವರು ಹತ್ತು ಮಂದಿ ಸಿಕ್ಕರೂ ನವಾಬರ ನಾಯಿಗೆ ಉಪಕಾರವಾದೀತು. ದೇಸಿ ತಳಿಯ ಅಭಿಮಾನವೊಂದನ್ನೇ ಬಂಡವಾಳವಾಗಿಟ್ಟುಕೊಂಡು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿಹಾಕುವವರಿಂದ ಮಾತ್ರ ಎರಡು ತಳಿಗೂ ಉಪಕಾರವಿಲ್ಲ. ಅಂಥವರು ಬೀದಿಯ ಸಾಧು ನಾಯಿಮರಿಯೊಂದಕ್ಕೆ ಮನೆ ಕೊಟ್ಟರೆ ಅದೂ ಪುಣ್ಯದ ಕೆಲಸವೇ. ಬೇಟೆನಾಯಿಗೆ ಬೇಟೆಯನ್ನು ಇನ್ನು ಯಾರೂ ಕೊಡಲಾರರು. ದಿನಕ್ಕೊಮ್ಮೆ ಬಯಲನ್ನಾದರೂ ಕೊಡಬಲ್ಲವರ ಮನೆಗೆ ಅದು ಹೋಗಲಿ.